ಕೆಟ್ಟ ತುಂಡುಗಳ ಕಪಾಟು

ಉಕ್ಕನ್ನು ಲೇತಿನಲ್ಲಿ ಕಡೆಯುವ ವಿದ್ಯೆಯನ್ನು ಕಲಿಸುವ ಶಾಲೆಗಳು ನಮ್ಮ ನಾಡಿನಲ್ಲಿ ವಿರಳವಲ್ಲ. ಆದರೂ ಪೀಣ್ಯದ ಅಡ್ಡರಸ್ತೆಯೊಂದರಲ್ಲಿ ಎರಡು ಕಾರ್ಖಾನೆಗಳ ನಡುವೆ ಇರುಕಿಕೊಂಡಿರುವ ಈ ಚಿಕ್ಕ ತರಬೇತಿ ಶಾಲೆಗೆ ನಾನು ಹೋದದ್ದು, ವಿದ್ಯಾರ್ಥಿಗಳು ಕೆಡಿಸಿದ ಜಾಬುಗಳನ್ನು ಗುಜರಿಗೆ ಹಾಕಗೊಡದೆ ಕಾದಿಟ್ಟಿರುವ ಹಿರಿಯ ಬೋಧಕರೊಬ್ಬರು ಅಲ್ಲಿದ್ದಾರೆಂದು ಕೇಳಿ.

ಕಪಾಟು ಉಪಕರಣಗಳ ಕೋಣೆಯ ಬಾಗಿಲ ಬಳಿಯಲ್ಲೇ ಇದೆ. ತುಕ್ಕು ಹಿಡಿಯದಂತೆ ಎಣ್ಣೆ ಸವರಿದ ದಂಡಗಳು, ಬುಷ್ಷುಗಳು, ಫ್ಲಾಂಜುಗಳು; ಪ್ರತಿಯೊಂದಕ್ಕೂ ತಂತಿಯಿಂದ ಬಿಗಿದ ಒಂದು ಚೀಟಿ. ಚೀಟಿಯಲ್ಲಿ ಕೆಡಿಸಿದವನ ಹೆಸರಿರುವುದಿಲ್ಲ, ಕೆಟ್ಟ ಕಾರಣವು ಮಾತ್ರ ಅವನದೇ ಅಕ್ಷರಗಳಲ್ಲಿರುತ್ತದೆ. “ಬಿಸಿ ಇದ್ದಾಗಲೇ ಅಳೆದೆ” ಎಂದಿತ್ತು ಒಂದರಲ್ಲಿ. 25 ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡವು 40 ಡಿಗ್ರಿಗಳಷ್ಟು ಕಾದರೆ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಉಬ್ಬುತ್ತದೆ; ಬೇರಿಂಗು ಕೂರಬೇಕಾದ ಅಂಥ ದಂಡಕ್ಕೆ ನಕ್ಷೆಯು ಎಚ್ 6 ದರ್ಜೆಯನ್ನು ವಿಧಿಸಿದ್ದಲ್ಲಿ ಅನುಮತವಾದ ಒಟ್ಟು ವ್ಯತ್ಯಾಸವೇ 0.013 ಮಿಲಿಮೀಟರ್. ಮೈಕ್ರೊಮೀಟರನ್ನು ಕುಶಲತೆಯಿಂದ ಹಿಡಿಯಬಲ್ಲ ಹುಡುಗನೂ ತುಂಡು ಆರುವವರೆಗೆ ಕಾಯಲಾರದೆ ಹೋದರೆ ಅವನ ಕುಶಲತೆಯೆಲ್ಲ ವ್ಯರ್ಥ.

ಇನ್ನೊಂದು ಚೀಟಿಯಲ್ಲಿ “ಚುಕ್ಕೆ ಇಡಲಿಲ್ಲ” ಎಂದಷ್ಟೇ ಇತ್ತು. ಸಿಎನ್‌ಸಿ ಯಂತ್ರಗಳಲ್ಲಿ ಹಲವು, 50 ಎಂಬ ಅಂಕಿಯ ಮುಂದೆ ದಶಮಾಂಶದ ಬಿಂದುವಿಲ್ಲದಿದ್ದರೆ ಅದನ್ನು ಐವತ್ತು ಮಿಲಿಮೀಟರ್ ಎಂದಲ್ಲ, ಐವತ್ತು ಮೈಕ್ರಾನ್ ಎಂದೇ ಗ್ರಹಿಸುತ್ತವೆ. ಹೊರಗೆ ನಿಲ್ಲಬೇಕಾಗಿದ್ದ ಉಳಿಯು ತಿರುಗುವ ತುಂಡಿನ ನಡುಮಧ್ಯಕ್ಕೆ ನುಗ್ಗುತ್ತದೆ. ಆ ಜಾಬಿನ ಪಕ್ಕದಲ್ಲಿ, ಉಳಿಯ ತುದಿಯಲ್ಲಿದ್ದು ಪುಡಿಯಾದ ಇನ್ಸರ್ಟೂ ಇದೆ. ಹೊಸ ಪ್ರೋಗ್ರಾಮನ್ನು ಮೊದಲು ತುಂಡಿಲ್ಲದೆ ಓಡಿಸಿ, ಬಳಿಕ ಒಂದೊಂದೇ ಸಾಲಾಗಿ, ವೇಗದ ಗುಂಡಿಯ ಮೇಲಿಂದ ಕೈ ತೆಗೆಯದೆ ನಡೆಸಬೇಕೆಂಬ ನಿಯಮವು ಇಲ್ಲಿ ಯಾರಿಗೂ ಅತಿಶಯವೆಂದು ತೋರುವುದಿಲ್ಲ.

ಆದರೆ ಬೋಧಕರು ಕೈಗೆತ್ತಿಕೊಂಡು ಬಹುಹೊತ್ತು ಮಾತನಾಡಿದ್ದು ಮೂರನೆಯದೊಂದರ ಬಗೆಗೆ: “ಹಿಂದಿನ ಶಿಫ್ಟಿನವರು ಆಫ್‌ಸೆಟ್ ಬದಲಿಸಿದ್ದು ಗೊತ್ತಾಗಲಿಲ್ಲ.” ಉಳಿ ಸವೆದಂತೆಲ್ಲ ಯಂತ್ರಕ್ಕೆ ಕೊಡಬೇಕಾದ ಸಣ್ಣ ತಿದ್ದುಪಡಿಯನ್ನು ಒಬ್ಬ ಕೊಟ್ಟು ಹೋಗಿದ್ದಾನೆ, ಲಾಗ್ ಪುಸ್ತಕದಲ್ಲಿ ಬರೆದಿಲ್ಲ, ಬಂದವನು ಅದೇ ತಿದ್ದುಪಡಿಯನ್ನು ಮತ್ತೊಮ್ಮೆ ಕೊಟ್ಟಿದ್ದಾನೆ. ಇಬ್ಬರೂ ಜಾಣರೇ. ಪಠ್ಯಪುಸ್ತಕಗಳಲ್ಲಿ ಕಡೆತದ ವೇಗಕ್ಕೆ ಸೂತ್ರಗಳಿವೆ. ಯಂತ್ರವನ್ನು ಮತ್ತೊಬ್ಬನಿಗೆ ಒಪ್ಪಿಸುವ ಕ್ರಮಕ್ಕೆ ಇರುವುದು ಎರಡೇ ಸಾಲು. ನನ್ನ ಎಣಿಕೆಯಲ್ಲಿ ಕಾರ್ಖಾನೆಯ ಬದುಕಿಗೆ ಹೆಚ್ಚು ಬೇಕಾದದ್ದು ಎರಡನೆಯದು. “ಕೆಟ್ಟದ್ದನ್ನು ನನ್ನ ಮೇಜಿಗೆ ತಂದಿಟ್ಟನಲ್ಲ, ಅದಕ್ಕೇ ಅವನಿಗೆ ಅಂಕ ಕೊಟ್ಟೆ. ಒಳ್ಳೆಯದರೊಳಗೆ ಬೆರೆಸಿಬಿಟ್ಟಿದ್ದರೆ ಹೊಸೂರಿನಲ್ಲಿ ಯಾರೋ ಜೋಡಿಸುವಾಗ ಗೊತ್ತಾಗುತ್ತಿತ್ತು ಸ್ವಾಮಿ” ಎಂದರು.

ಅವರದೊಂದು ಪರೀಕ್ಷೆಯಿದೆ. ಬೇಕೆಂದೇ ಒಂದು ಅಳತೆಯನ್ನು ಬಿಟ್ಟ ನಕ್ಷೆಯನ್ನು ಹುಡುಗರಿಗೆ ಹಂಚಿ, ತಾವು ಏನೂ ಅರಿಯದವರಂತೆ ಕುಳಿತುಬಿಡುತ್ತಾರೆ. ಹಿರಿಯರನ್ನು ಪ್ರಶ್ನಿಸುವುದು ಉದ್ಧಟತನವೆಂದು ಮನೆಯಲ್ಲಿ ಕಲಿತು ಬಂದ ಮಕ್ಕಳು ಅಂದಾಜಿನಲ್ಲೇ ಕಡೆಯತೊಡಗುತ್ತಾರೆ. ಅವರ ತುಂಡು ಎಷ್ಟೇ ನಯವಾಗಿರಲಿ, ಸೊನ್ನೆ. “ಸಾರ್, ಇಲ್ಲಿ ಡೈಮೆನ್ಷನ್ ಇಲ್ಲ” ಎಂದು ಎದ್ದು ಬಂದವನಿಗೆ ಪೂರ್ಣಾಂಕ. ನಾನಿದ್ದ ದಿನ ಮೊದಲು ಎದ್ದು ಬಂದವಳು ತರಗತಿಯ ಹಿಂದಿನ ಸಾಲಿನ ಹುಡುಗಿ. “ಬಾಮ್ಮ, ನಿನಗೋಸ್ಕರವೇ ಕಾಯ್ತಿದ್ದೆ” ಎಂದು ಅವರು ನಕ್ಕರು.

ತುಂಡನ್ನು ಹಿಡಿಯುವ ಚಕ್ಕಿನಲ್ಲಿ ಕೀಲಿ ಬಿಟ್ಟು ಯಂತ್ರ ಚಾಲೂ ಮಾಡಬಾರದು, ತಿರುಗುವ ಯಂತ್ರದ ಮುಂದೆ ಕೈಗವಸು ಕೂಡದು, ಬರಿಗೈಯಲ್ಲಿ ಚೂರುಗಳನ್ನು ಎಳೆಯಕೂಡದು ಎಂಬಿವು ಮೊದಲ ವಾರದ ಪಾಠಗಳು. ಅನಂತರ ಅರ ಹಿಡಿದು ಉಕ್ಕಿನ ತುಂಡೊಂದನ್ನು ಸಮತಟ್ಟು ಮಾಡುವ ತಪಸ್ಸು. ಪ್ರಷ್ಯನ್ ಬ್ಲೂ ಬಳಿದ ಸಮತಲದ ಮೇಲೆ ತುಂಡನ್ನು ಉಜ್ಜಿದರೆ ಉಬ್ಬಿದ ಕಡೆಗಳಿಗೆಲ್ಲ ನೀಲಿ ಹತ್ತುತ್ತದೆ.

ನಮ್ಮಲ್ಲಿ ಈ ವಿದ್ಯೆ ಬೆಳೆದ ಇತಿಹಾಸವನ್ನು ಬೋಧಕರೇ ಚಹಾದ ವೇಳೆಯಲ್ಲಿ ಸಂಕ್ಷೇಪಿಸಿದರು. 1950ರಲ್ಲಿ ಕೇಂದ್ರ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ. 1961ರಲ್ಲಿ ಅಪ್ರೆಂಟಿಸ್ ಕಾಯಿದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಹೊರಗಿನವರು ಕೊಟ್ಟದ್ದು ಯಂತ್ರಗಳನ್ನಷ್ಟೇ ಅಲ್ಲ, ಸಂಜೆ ಯಂತ್ರವನ್ನು ಒರೆಸಿ ಮನೆಗೆ ಹೋಗುವ ಅಭ್ಯಾಸವನ್ನೂ ಎಂಬುದು ಅವರ ಅಭಿಪ್ರಾಯ.

ಈ ಶಾಲೆಯಲ್ಲಿ ಹೀಗೆ ಕಲಿತವರಲ್ಲಿ ಅನೇಕರು ಮುಂದೆ ಸೇರುವುದು, ತುಂಡನ್ನು ಹಾಕಿ ಗುಂಡಿ ಒತ್ತಿ ತುಂಡನ್ನು ತೆಗೆಯುವುದಷ್ಟನ್ನೇ ಅಪೇಕ್ಷಿಸುವ ಕಾರ್ಖಾನೆಗಳಿಗೆ. ಅಲ್ಲಿ ಯಾರೂ ಅವರನ್ನು ಕಾರಣ ಬರೆಯಲು ಕೇಳುವುದಿಲ್ಲ; ಕೆಟ್ಟರೆ ಬೈಗುಳ, ಸಂಬಳದಲ್ಲಿ ಕಡಿತ. ಇಷ್ಟು ಶ್ರಮದಿಂದ ಬೆಳೆಸಿದ ವಿವೇಕವನ್ನು ಉಪಯೋಗಿಸಿಕೊಳ್ಳುವಷ್ಟು ವ್ಯವಧಾನ ನಮ್ಮ ಕೈಗಾರಿಕೆಗಳಿಗೆ ಬರಬಾರದೆ? ಬೋಧಕರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಈ ಕೆಲಸಕ್ಕೆ ತಕ್ಕವರೆಂದು ಅವರು ಗುರುತಿಸಿದ್ದ ಹಳೆಯ ಶಿಷ್ಯರಿಬ್ಬರಿಗೂ ಕಾರ್ಖಾನೆಯಲ್ಲಿ ಇಲ್ಲಿಗಿಂತ ಹೆಚ್ಚಿನ ಸಂಬಳವಿದೆ. ಅವರನ್ನು ಬನ್ನಿರೆಂದು ಕರೆಯುವುದಕ್ಕೆ ತಮಗೇ ಸಂಕೋಚವಾಗುತ್ತದೆ ಎಂದರು.