ನಿಧಾನ ಉರಿಯ ಪಾಸ್ತಾ, ಪುಣೆಯ ಚಕೋಲ್ಯಾ

ಸ್ಲೋ ಕುಕ್ಕರ್ ಎಂದರೆ ಪಿಂಗಾಣಿ ಪಾತ್ರೆಯನ್ನು ಸುತ್ತಲಿಂದ ಮೆಲ್ಲಗೆ ಕಾಯಿಸುವ ವಿದ್ಯುತ್ ಉಪಕರಣ. ಪ್ರೆಶರ್ ಕುಕ್ಕರ್ ಒಳಗಿನ ಶಾಖವನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ನಿಮಿಷಗಳಲ್ಲಿ ಬೇಯಿಸುತ್ತದೆ. ಸ್ಲೋ ಕುಕ್ಕರಿಗೆ ಕುದಿಯ ಹತ್ತಿರ ಬರಲೇ ಗಂಟೆಗಳು ಬೇಕು. ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಬೇಳೆಗೆ, ಟೊಮೆಟೊ ಸಾಸಿಗೆ, ಗಟ್ಟಿ ಮಾಂಸಕ್ಕೆ ಈ ನಿಧಾನ ಒಗ್ಗುತ್ತದೆ. ಮೊದಲಿಂದಲೇ ಜೊತೆಗೆ ಹಾಕಿಟ್ಟ ಪಾಸ್ತಾ ಮಾತ್ರ ಅಂಟಂಟಾದ ಮುದ್ದೆಯಾಗುತ್ತದೆ.

ಕಾರಣ ಹಿಟ್ಟಿನೊಳಗಿದೆ. ಒಣ ಪಾಸ್ತಾ ಎಂದರೆ ಗ್ಲುಟೆನ್ ಎಂಬ ಪ್ರೋಟೀನಿನ ಬಲೆಯಲ್ಲಿ ಸಿಕ್ಕಿಕೊಂಡ ಪಿಷ್ಟದ ಕಣಗಳು. ಗೋಧಿಯ ಪಿಷ್ಟ 60 ಡಿಗ್ರಿಯ ಸುಮಾರಿಗೆ ನೀರು ಹೀರಿ ಉಬ್ಬತೊಡಗುತ್ತದೆ. ಪ್ರೋಟೀನಿನ ಬಲೆ ಬಿಗಿಯಾಗಿ ಗಟ್ಟಿಗೊಳ್ಳಲು ಇನ್ನೂ ಹೆಚ್ಚಿನ ಶಾಖ ಬೇಕು. ಕೊತಕೊತ ಕುದಿಯುವ ನೀರಿಗೆ ಬಿದ್ದ ಪಾಸ್ತಾದ ಹೊರಪದರದಲ್ಲಿ ಇವೆರಡೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯುವುದರಿಂದ, ಬಲೆ ಸಕಾಲಕ್ಕೆ ಗಟ್ಟಿಯಾಗಿ ಪಿಷ್ಟವನ್ನು ಒಳಗೇ ಹಿಡಿದಿಡುತ್ತದೆ. ಮೆಲ್ಲಗೆ ಕಾಯುವ ನೀರಿನಲ್ಲಿ ಪಿಷ್ಟವೇ ಮುಂದಾಗುತ್ತದೆ. ಉಬ್ಬಿದ ಕಣಗಳು ಒಡೆದು, ಅಮೈಲೋಸ್ ಎಂಬ ಪಿಷ್ಟದ ಅಂಶ ಹೊರಗೆ ಸೋರಿ, ಸಾಸು ಗಂಜಿಯಾಗುತ್ತದೆ.

ಗೋಧಿಯ ತಳಿಯೂ ಇಲ್ಲಿ ಮುಖ್ಯ. ಪಾಸ್ತಾಕ್ಕೆ ಹೇಳಿಮಾಡಿಸಿದ್ದು ಡುರಮ್ ಗೋಧಿ. ಕರ್ನಾಟಕದ ಅಂಗಡಿಗಳ ಬನ್ಸಿ ರವೆ ಇದರದೇ. ಗಟ್ಟಿ ಕಾಳು, ಹೆಚ್ಚು ಪ್ರೋಟೀನ್, ಹಳದಿ ಛಾಯೆ ಇದರ ಗುರುತು. ಪುಣೆಗೂ ಈ ಗೋಧಿಗೂ ನಂಟಿದೆ. 1946ರಲ್ಲಿ ಹುಟ್ಟಿ, ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಆಘಾರ್ಕರ್ ಅವರ ಹೆಸರನ್ನು ಮುಂದೆ ಪಡೆದ ಇಲ್ಲಿನ ಆಘಾರ್ಕರ್ ಸಂಶೋಧನಾ ಸಂಸ್ಥೆ ಎಂಎಸಿಎಸ್ 4028 ಎಂಬ ಡುರಮ್ ತಳಿಯನ್ನು ರೂಪಿಸಿದೆ. ಮಹಾರಾಷ್ಟ್ರ ಮತ್ತು ಕರ್ನಾಟಕದ ಮಳೆಯಾಶ್ರಿತ ಹೊಲಗಳಿಗೆಂದು ಅಧಿಸೂಚಿತವಾದ ಈ ತಳಿಯಲ್ಲಿ ಪ್ರೋಟೀನ್ ಸುಮಾರು ಶೇಕಡಾ 14.7.

ಆದರೆ ಪುಣೆಯ ಮನೆಗಳಿಗೆ ಬೇಳೆಯಲ್ಲಿ ಬೇಯುವ ಹಿಟ್ಟು ಪರದೇಶದಿಂದ ಬಂದದ್ದಲ್ಲ. ಚಕೋಲ್ಯಾ ಅಥವಾ ವರಣಫಳ ಎಂದರೆ ಚಪಾತಿಯಂತೆ ಲಟ್ಟಿಸಿ, ಶಂಕರಪೋಳಿಯ ಆಕಾರಕ್ಕೆ ಕತ್ತರಿಸಿ, ಗೋಡಾ ಮಸಾಲೆ, ಬೆಲ್ಲ, ಹುಳಿ ಹಾಕಿದ ತೊಗರಿಬೇಳೆಯಲ್ಲಿ ಬೇಯಿಸಿದ ಗೋಧಿ ಹಿಟ್ಟು. ತುಪ್ಪವಿಲ್ಲದೆ ಅದು ಊಟವೆನಿಸದು. ಇಲ್ಲಿ ಹಿಟ್ಟು ಹಸಿಯದು, ತೌಡು ಸಹಿತವಾದದ್ದು. ತೌಡಿನ ಚೂರುಗಳು ಗ್ಲುಟೆನ್ ಬಲೆಯನ್ನು ಅಲ್ಲಲ್ಲಿ ಹರಿಯುತ್ತವೆ. ಹಿಟ್ಟಿನ ಅಮೈಲೇಸ್ ಕಿಣ್ವವೂ ಬೆಚ್ಚಗಿನ ನೀರಿನಲ್ಲಿ ಚುರುಕಾಗಿ ಪಿಷ್ಟವನ್ನು ತುಂಡರಿಸುತ್ತದೆ. ಹೀಗಾಗಿ ನಿಧಾನ ಉರಿ ಒಣ ಪಾಸ್ತಾಕ್ಕಿಂತ ಚಕೋಲ್ಯಾವನ್ನೇ ಬೇಗ ಕೆಡಿಸುತ್ತದೆ. ಬೇಳೆ ಮರಳುವಾಗಲೇ ತುಂಡುಗಳನ್ನು ಒಂದೊಂದಾಗಿ ಬಿಡುವ ರೂಢಿಯ ಹಿಂದೆ ಇದೇ ಲೆಕ್ಕವಿದೆ.

ಸ್ಲೋ ಕುಕ್ಕರಿನಲ್ಲಿ ಎರಡಕ್ಕೂ ಕ್ರಮ ಒಂದೇ. ಮೊದಲು ಬೇಳೆ ಅಥವಾ ಸಾಸು ಪೂರ್ತಿ ಬೇಯಬೇಕು. ಹುಣಸೆ, ಕೋಕಮ್ಮು ಬೇಳೆ ಮೆತ್ತಗಾದ ಮೇಲೆಯೇ. ಹುಳಿ ಬೇಳೆಯ ಪೆಕ್ಟಿನ್ ಕರಗದಂತೆ ತಡೆಯುತ್ತದೆ. ರಾಜ್ಮಾ ಸೇರಿಸುವುದಾದರೆ ನೆನೆಸಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಬೇರೆಯಾಗಿ ಚೆನ್ನಾಗಿ ಕುದಿಸಿರಬೇಕು, ಏಕೆಂದರೆ ಅದರ ವಿಷಕಾರಿ ಲೆಕ್ಟಿನ್ ಮಂದ ಶಾಖಕ್ಕೆ ನಾಶವಾಗುವುದಿಲ್ಲ. ಪಾಸ್ತಾ ಬೀಳುವುದು ಕೊನೆಯ ಅರ್ಧ ಗಂಟೆಯಲ್ಲಿ, ಗುಂಡಿ ಹೆಚ್ಚಿನ ಶಾಖಕ್ಕೆ ತಿರುಗಿ, ಅಂಚಿನಲ್ಲಿ ಗುಳ್ಳೆ ಎದ್ದ ಮೇಲೆ. ಬೆಂದ ಪಾಸ್ತಾದ ತೂಕ ದುಪ್ಪಟ್ಟು ದಾಟುವುದರಿಂದ 250 ಗ್ರಾಮಿಗೆ ಕನಿಷ್ಠ 300 ಮಿಲಿಲೀಟರ್ ಬಿಸಿನೀರು ಹೆಚ್ಚಿಗೆ ಬೇಕು. ತಣ್ಣೀರು ಸುರಿದರೆ ಶಾಖ ಮತ್ತೆ ಇಳಿಯುತ್ತದೆ. ಸ್ವಿಚ್ ಆರಿಸಿದರೂ ಪಿಂಗಾಣಿ ಬಹಳ ಹೊತ್ತು ಬಿಸಿಯಾಗಿಯೇ ಇದ್ದು ಬೇಯಿಸುತ್ತಿರುತ್ತದೆ. ಹಾಗಾಗಿ ನಡುವಿನಲ್ಲಿ ತುಸು ಕಚ್ಚುವಿಕೆ ಉಳಿದಿರುವಾಗಲೇ ಬೇರೆ ಪಾತ್ರೆಗೆ ಬಗ್ಗಿಸುವುದು ಲೇಸು.