ಮರಳಿನಲ್ಲಿ ಮೈಲೇಜ್ ಎಲ್ಲಿ ಹೋಯ್ತು?

ಊರಿಗೆ ಹೊಸ ಬೈಕ್ ಬಂದರೆ ನಮ್ಮ ಕಡೆ ಮೊದಲು ಕೇಳೋ ಪ್ರಶ್ನೆ ಯಾವುದು ಹೇಳಿ? ‘ಮೈಲೇಜ್ ಎಷ್ಟು ಕೊಡುತ್ತೆ?’ ಬಣ್ಣ, ಬೆಲೆ ಎಲ್ಲ ಆಮೇಲೆ. ‘ಲೀಟರಿಗೆ 45’ ಅಂತ ಅಣ್ಣ ಹೇಳಿದರೆ ನೀವೂ ನಂಬುತ್ತೀರಿ. ಆದರೆ ಅದೇ ಬೈಕ್ ಹಿಂದೂಪುರದ ಟಾರು ರಸ್ತೆ ಬಿಟ್ಟು ಪಿನಾಕಿನಿಯ ಒಣ ಮರಳಿಗೆ ಇಳಿದ ತಕ್ಷಣ ಆ 45 ಸುಳ್ಳಾಗುತ್ತೆ. ಬೈಕ್ ಕೆಟ್ಟಿಲ್ಲ, ಪೆಟ್ರೋಲ್ ಯಾರೂ ಕದ್ದಿಲ್ಲ. ಹಾಗಾದರೆ ಹೋಗಿದ್ದೆಲ್ಲಿಗೆ?

ಮೊದಲು ಜಾಗ ನೋಡೋಣ. ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಅಳೆಯಿರಿ. ನೇರ ಗೆರೆಯಲ್ಲಿ ಸುಮಾರು 90 ಕಿ.ಮೀ. ಬರುತ್ತದೆ. ರಸ್ತೆಯಲ್ಲಿ ಹೋದರೆ ಇನ್ನೂ ಹೆಚ್ಚು, ಬಂಡಿ ಜಾಡು ಹಿಡಿದರೆ ಅದಕ್ಕಿಂತಲೂ ಹೆಚ್ಚು. ಈ ಕಡೆ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಬರುವ ಉತ್ತರ ಪಿನಾಕಿನಿ, ಆ ಕಡೆ ಭೈರವಾನಿತಿಪ್ಪ ಅಣೆಕಟ್ಟಿನ ವೇದಾವತಿ. ನಡುವೆ ಬಂಡೆಗುಡ್ಡ, ಕಡಲೆಕಾಯಿ ಹೊಲ, ಸೀಮೆಜಾಲಿ, ವರ್ಷದ ಹೆಚ್ಚು ಕಾಲ ಒಣಗಿರುವ ಹಳ್ಳಗಳು. ಇನ್ನೂ ಉತ್ತರಕ್ಕೆ, ಕಣೇಕಲ್ಲು, ಬೊಮ್ಮನಹಾಳ್ ಕಡೆ ಗಾಳಿ ತಂದು ಗುಡ್ಡೆ ಹಾಕಿದ ಮರಳ ದಿಬ್ಬಗಳೇ ಇವೆ. ಗುಬ್ಬುಗುಬ್ಬಾದ ಟೈರಿನ ಎತ್ತರದ ಬೈಕುಗಳಿಗೆ ಹೇಳಿ ಮಾಡಿಸಿದ ನೆಲ ಇದು. ಆದರೆ ಪೆಟ್ರೋಲ್ ಟ್ಯಾಂಕಿಗಲ್ಲ!

ಈಗ ಲೆಕ್ಕ. ಬೈಕ್ 160 ಕೆ.ಜಿ., ಸವಾರ 70 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಟ್ಟು 230 ಕೆ.ಜಿ., ಅಂದರೆ ಸುಮಾರು 2250 ನ್ಯೂಟನ್ ಭಾರ. ಒಳ್ಳೆ ಟಾರು ರಸ್ತೆಯಲ್ಲಿ ಚಕ್ರ ಉರುಳುವಾಗ ಎದುರಾಗುವ ತಡೆ ಈ ಭಾರದ ನೂರರಲ್ಲಿ ಎರಡು ಪಾಲು, 45 ನ್ಯೂಟನ್. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಳಿ ಹಿಂದಕ್ಕೆ ತಳ್ಳುವುದು ಸುಮಾರು 65 ನ್ಯೂಟನ್. ಕೂಡಿಸಿದರೆ 110. ಒಂದು ಕಿಲೋಮೀಟರಿಗೆ 110 ಕಿಲೋಜೂಲ್ ಕೆಲಸ ಅಂತಾಯ್ತು.

ಸಡಿಲ ಮರಳಿನಲ್ಲಿ ಹಾಗಲ್ಲ. ಚಕ್ರ ಹೂತುಹೋಗುತ್ತೆ, ತಾನೇ ತೋಡಿದ ಗುಂಡಿಯಿಂದ ತಾನೇ ಹತ್ತಿ ಬರುತ್ತಾ ಇರಬೇಕು. ತಡೆ ಭಾರದ ನೂರರಲ್ಲಿ ಹದಿನಾಲ್ಕು ಪಾಲಿಗೆ ಏರಿದರೂ ಆಶ್ಚರ್ಯವಿಲ್ಲ. ಅಂದರೆ 320 ನ್ಯೂಟನ್ ಆಸುಪಾಸು. ನಿಧಾನ ಹೋಗುವುದರಿಂದ ಗಾಳಿಯ ಪಾಲು ಬರೀ 10. ಒಟ್ಟು 330, ಸರಿಯಾಗಿ ಮೂರು ಪಟ್ಟು.

ಇಂದು ಬಂಕಿನಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರಿಗೆ ಸುಮಾರು 30 ಮೆಗಾಜೂಲ್ ಶಕ್ತಿ ಇದೆ. (ಎಥನಾಲ್ ಬೆರೆಸದ ಪೆಟ್ರೋಲಿನಲ್ಲಿ ಸ್ವಲ್ಪ ಹೆಚ್ಚು.) ಅದರಲ್ಲಿ ಆರನೇ ಒಂದು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ ಅನ್ನೋಣ. ಉಳಿದದ್ದು ಸೈಲೆನ್ಸರ್‌ನಲ್ಲಿ, ಇಂಜಿನ್ನಿನ ಬಿಸಿಯಲ್ಲಿ ಹೋಯ್ತು. ಹಾಗಾದರೆ ಲೀಟರಿಗೆ ನಮಗೆ ದಕ್ಕಿದ್ದು 5000 ಕಿಲೋಜೂಲ್. ಟಾರಿನ ಮೇಲೆ 5000ವನ್ನು 110ರಿಂದ ಭಾಗಿಸಿ: 45 ಕಿ.ಮೀ. ಮರಳಲ್ಲಿ 330ರಿಂದ ಭಾಗಿಸಿ: 15 ಕಿ.ಮೀ. ಅಣ್ಣ ಸುಳ್ಳು ಹೇಳಿರಲಿಲ್ಲ, ನೆಲ ಬದಲಾಗಿತ್ತು ಅಷ್ಟೆ.

ಸಣ್ಣಪುಟ್ಟ ಖರ್ಚುಗಳೂ ಇವೆ. ನೂರು ಮೀಟರ್ ಎತ್ತರದ ಗುಡ್ಡ ಹತ್ತಲು ಸುಮಾರು 45 ಮಿ.ಲೀ. ಬೇಕು. ಗಂಟೆಗೆ 36 ಕಿ.ಮೀ. ವೇಗದಿಂದ ಪೂರ್ತಿ ನಿಂತು ಮತ್ತೆ ಅದೇ ವೇಗಕ್ಕೆ ಬರಲು 2 ಮಿ.ಲೀ.ಗಿಂತ ಸ್ವಲ್ಪ ಹೆಚ್ಚು. ಅದೇನು ಮಹಾ ಅಂತೀರಾ? ಮುಳ್ಳಿನ ಪೊದೆ, ಕುರಿ ಮಂದೆ, ಕಲ್ಲು ಅಂತ ಐವತ್ತು ಸಲ ಬ್ರೇಕ್ ಹಿಡಿದರೆ ನೂರು ಮಿ.ಲೀ. ದಾಟಿತು. ಹಿಂದಿನ ಚಕ್ರ ಸುಮ್ಮನೆ ತಿರುಗಿ ಮರಳು ಚಿಮ್ಮಿಸುವುದು, ಅರ್ಧ ಕ್ಲಚ್ಚಿನಲ್ಲಿ ಎಳೆಸುವುದು, ಇವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಎಲ್ಲರೂ ಎಡವೋ ಜಾಗ ಈಗ ಬಂತು. ಒಟ್ಟು 120 ಕಿ.ಮೀ. ದಾರಿ, ಮೊದಲ 60 ಟಾರು, ಕೊನೆಯ 60 ಮರಳು. ಮೈಲೇಜ್ 45 ಮತ್ತು 15. ‘ಸರಾಸರಿ 30, 120ಕ್ಕೆ 4 ಲೀಟರ್ ಸಾಕು ಸಾರ್’ ಅಂತ ಕ್ಲಾಸಿನಲ್ಲಿ ಅರ್ಧ ಜನ ಕೈ ಎತ್ತುತ್ತಾರೆ. ಬಿಡಿಸಿ ನೋಡಿ. ಟಾರಿಗೆ 60 ಭಾಗಿಸು 45, ಅಂದರೆ 1.33 ಲೀಟರ್. ಮರಳಿಗೆ 60 ಭಾಗಿಸು 15, ಅಂದರೆ 4 ಲೀಟರ್. ಬೇಕಾದದ್ದು 5.33. ನಿಜವಾದ ಸರಾಸರಿ 30 ಅಲ್ಲ, 22.5. ಕೂಡಿಸಬೇಕಾದದ್ದು ಲೀಟರುಗಳನ್ನು, ಮೈಲೇಜನ್ನಲ್ಲ. 4 ಲೀಟರ್ ಹಾಕಿಸಿ ಹೊರಟವನು ಟಾರು ಮುಗಿಸಿ, ಮರಳಿನಲ್ಲಿ 40 ಕಿ.ಮೀ. ಹೋಗಿ ನಿಲ್ಲುತ್ತಾನೆ. ಇನ್ನೂ 20 ಕಿ.ಮೀ. ಬಾಕಿ. ಏಪ್ರಿಲ್ ತಿಂಗಳು, ನೆತ್ತಿ ಸುಡೋ ಬಿಸಿಲು, ಫೋನಿಗೆ ಸಿಗ್ನಲ್ ಇಲ್ಲ, ಬಾಟಲಿಯಲ್ಲಿ ಎರಡು ಗುಟುಕು ನೀರು. ಭಾಗಾಕಾರದ ಒಂದು ತಪ್ಪು ಪ್ರಾಣಕ್ಕೆ ಕುತ್ತು ತರೋದು ಹೀಗೆ.

ಹಾಗಂತ ಬೇಕಾದಷ್ಟು ಪೆಟ್ರೋಲ್ ಹೊತ್ತುಕೊಂಡರೆ ಆಯ್ತಲ್ಲ? ಅದಕ್ಕೂ ಬೆಲೆ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು. ಆ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೈಕ್ ಸವಾರ ಅವರೇ. ಅಂಥ ರ‍್ಯಾಲಿ ಬೈಕುಗಳಲ್ಲಿ 30 ಲೀಟರಿನ ಆಸುಪಾಸು ಪೆಟ್ರೋಲ್ ಹಿಡಿಯುತ್ತೆ. ಬರೀ ಪೆಟ್ರೋಲೇ 22 ಕೆ.ಜಿ.! ಅದಕ್ಕೇ ಒಂದೇ ಟ್ಯಾಂಕಿನಲ್ಲಿ ತುಂಬದೆ ಹಿಂದೆ ಮುಂದೆ ಹಂಚಿರುತ್ತಾರೆ. ನಮ್ಮಲ್ಲಿ ಕಾಣುವ ಹೀರೋ ಎಕ್ಸ್‌ಪಲ್ಸ್ 200ರ ಟ್ಯಾಂಕ್ 13 ಲೀಟರಿನದು. ಬರೀ ಮರಳಾದರೆ ನಮ್ಮ ಲೆಕ್ಕದಲ್ಲಿ 195 ಕಿ.ಮೀ. ಅದರಲ್ಲೂ ಮೂರನೇ ಒಂದು ಪಾಲು ಮುಟ್ಟದೆ ಉಳಿಸಿಕೊಳ್ಳುವುದು ನನಗೆ ಸರಿ ಕಾಣುತ್ತೆ, 130ಕ್ಕಿಂತ ಹೆಚ್ಚು ನಂಬಬಾರದು. ನೀರಿನ ಖಾಲಿ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಬ್ಯಾಗಿಗೆ ಹಾಕಿಕೊಳ್ಳೋದು ಮಾತ್ರ ಬೇಡವೇ ಬೇಡ. ಬಿಸಿಲಿಗೆ 20 ಡಿಗ್ರಿ ಕಾವು ಏರಿದರೆ 10 ಲೀಟರ್ ಪೆಟ್ರೋಲ್ ಸುಮಾರು 190 ಮಿ.ಲೀ. ಹಿಗ್ಗುತ್ತದೆ. ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ದೂರದ ಬೀಡಿ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತೆ.

ಮರಳಿಗೆ ಇಳಿಯೋ ಮುಂಚೆ ಸವಾರರು ಟೈರಿನ ಗಾಳಿ ಸ್ವಲ್ಪ ಬಿಡೋದನ್ನು ನೋಡಿದ್ದೀರಾ? ಟೈರ್ ಅಗಲವಾಗಿ ಕೂರುತ್ತೆ, ಒಂಟೆಯ ಪಾದದ ಹಾಗೆ. ಹೂತುಹೋಗೋದು ಕಡಿಮೆ, ಪೆಟ್ರೋಲ್ ಉಳಿತಾಯ. ಆದರೆ ಅದೇ ಮೆತ್ತನೆ ಟೈರಿನಲ್ಲಿ ಟಾರು ರಸ್ತೆಗೆ ಬಂದರೆ ಟೈರ್ ಹೆಚ್ಚು ಮಡಚಿ ಬಿಸಿಯಾಗಿ ಪೆಟ್ರೋಲ್ ತಿನ್ನುತ್ತೆ.

ನಿಮಗಿನ್ನೂ ಲೈಸೆನ್ಸ್ ವಯಸ್ಸಾಗಿಲ್ಲ, ಸೈಕಲ್ ಸಾಕು. ಟಾರು ರಸ್ತೆಯ ಸಮತಟ್ಟಾದ ಜಾಗದಲ್ಲಿ, ವಾಹನ ಓಡಾಡದ ಹೊತ್ತಿನಲ್ಲಿ, ಒಂದು ಚಾಕ್ ಗೆರೆ ಎಳೆಯಿರಿ. ಸಾಧಾರಣ ವೇಗದಲ್ಲಿ ಬಂದು ಗೆರೆ ದಾಟಿದ ಕೂಡಲೇ ತುಳಿಯೋದು ನಿಲ್ಲಿಸಿ, ಬ್ರೇಕ್ ಮುಟ್ಟದೆ ಎಲ್ಲಿ ನಿಲ್ಲುತ್ತೋ ಅಲ್ಲಿಯವರೆಗೆ ಟೇಪಿನಲ್ಲಿ ಅಳೆಯಿರಿ. ಅದೇ ವೇಗದಲ್ಲಿ ಮಣ್ಣಿನ ದಾರಿಯಲ್ಲಿ ಒಂದು ಸಲ, ಹಳ್ಳದ ಮರಳಿನಲ್ಲಿ ಒಂದು ಸಲ. ಟಾರಿನಲ್ಲಿ ಹತ್ತಾರು ಮೀಟರ್ ಉರುಳಿದ ಸೈಕಲ್ ಮರಳಲ್ಲಿ ಹತ್ತು ಮೀಟರ್ ಹೋದರೆ ಹೆಚ್ಚು. ಆಮೇಲೆ ಹಿಂದೆ ಗೆಳೆಯನನ್ನು ಕೂರಿಸಿಕೊಂಡು ಟಾರಿನಲ್ಲಿ ಇನ್ನೊಮ್ಮೆ ಮಾಡಿ. ಭಾರ ಹೆಚ್ಚಾಯ್ತು, ಆದರೂ ದೂರ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಯಾಕೆ? ಉತ್ತರ ನಿಮ್ಮ ಟೀಚರಿಗೆ ಬರೆದು ಕೊಡಿ.