ಅಂತರ್ಜಾಲದ ಆಕರಗಳ ಉಲ್ಲೇಖ: ಭಾಷಾದತ್ತದ ದೃಷ್ಟಿಯಿಂದ

ಸಿಂಧೂ ಲಿಪಿಯ ಮೀನಿನ ಚಿಹ್ನೆಯನ್ನು ‘ನಕ್ಷತ್ರ’ ಎಂದು ಓದಬಹುದೆಂಬ ವಾದವನ್ನು ಹೆರಾಸ್ ಮುಂದಿಟ್ಟರು, ಆಸ್ಕೊ ಪರ್ಪೋಲ ಬೆಳೆಸಿದರು. ಆ ವಾದವು ದ್ರಾವಿಡ ಭಾಷೆಗಳಲ್ಲಿ ಈ ಎರಡು ಅರ್ಥಗಳ ಪದಗಳಿಗಿರುವ ಧ್ವನಿಸಾಮ್ಯವನ್ನು ಅವಲಂಬಿಸಿದೆ. ಇದನ್ನು ಒಪ್ಪುವವರಾಗಲಿ ಒಪ್ಪದವರಾಗಲಿ ಮೊದಲು ನೋಡಬೇಕಾದುದು ನಿಘಂಟಿನ ಸಾಕ್ಷ್ಯವನ್ನು. ಆದರೆ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಒಂದು ಜಾಲವಿಳಾಸ ಮಾತ್ರವಿದ್ದು, ಅದು ತೆರೆಯದೆ ಹೋದರೆ, ಓದುಗರಿಗೆ ಉಳಿಯುವುದು ಲೇಖಕರ ಮೇಲಿನ ನಂಬಿಕೆಯಷ್ಟೇ. ಭಾಷಾಶಾಸ್ತ್ರದಲ್ಲಿ ಉಲ್ಲೇಖವೂ ಪ್ರಮಾಣದ ಒಂದು ಭಾಗವಾಗಿರುವುದರಿಂದ ಈ ಕೊರತೆಯನ್ನು ಲಘುವಾಗಿ ಕಾಣುವಂತಿಲ್ಲ. ಆನ್‌ಲೈನ್ ಆಕರದ ಉಲ್ಲೇಖವು ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ನಾವು ಇಲ್ಲಿ ವಾದಿಸುತ್ತೇವೆ: ಇದು ಯಾರ ಕೆಲಸ, ಯಾವ ಆವೃತ್ತಿ, ಅದರೊಳಗೆ ಯಾವ ಸ್ಥಳ. ಜಾಲವಿಳಾಸವು ಇವುಗಳ ನಂತರ ಬರತಕ್ಕದ್ದು.

ವಿಳಾಸವು ಎರಡು ಬಗೆಯಲ್ಲಿ ಕೈಕೊಡುತ್ತದೆ. ಪುಟವೇ ಇಲ್ಲವಾಗುವುದು ಒಂದು. ಪುಟ ಉಳಿದು ಅದರ ಒಳವಸ್ತು ಬದಲಾಗುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಅಲ್ಲಿ ದೋಷವು ಕಣ್ಣಿಗೆ ಬೀಳುವುದಿಲ್ಲ. 1997ರಿಂದ 2012ರವರೆಗೆ ಪ್ರಕಟವಾದ 35 ಲಕ್ಷಕ್ಕೂ ಹೆಚ್ಚು ವೈಜ್ಞಾನಿಕ ಲೇಖನಗಳನ್ನು ಪರಿಶೀಲಿಸಿ ಮಾರ್ಟಿನ್ ಕ್ಲೈನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಐದರಲ್ಲಿ ಒಂದು ಲೇಖನ ಇಂತಹ ದೋಷಕ್ಕೆ ಒಳಗಾಗಿದೆಯೆಂದು ತೋರಿಸಿತು.

ಮೇಲಿನ ಉದಾಹರಣೆಗೇ ಮರಳೋಣ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿಕೋಶದ ಮೊದಲ ಆವೃತ್ತಿ 1961ರಲ್ಲಿ, ಪರಿಷ್ಕೃತ ಎರಡನೆಯ ಆವೃತ್ತಿ 1984ರಲ್ಲಿ ಬಂದವು. ಎರಡನೆಯದು ಷಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾದ ಡಿಜಿಟಲ್ ನಿಘಂಟುಗಳ ಸಂಗ್ರಹದಲ್ಲಿ ದೊರೆಯುತ್ತದೆ. ಅಲ್ಲಿ ಪದವನ್ನು ಹುಡುಕಿದಾಗ ಕಾಣುವ ವಿಳಾಸವು ಆ ಹೊತ್ತಿನ ಶೋಧದ ಫಲ ಮಾತ್ರ. ನಮೂದಿನ ಸಂಖ್ಯೆ ಹಾಗಲ್ಲ: ‘ಮೀನು’ ಎಂಬರ್ಥದ ಪದಗಳು 4885ರಲ್ಲಿವೆ, ‘ಮಿನುಗು’ ಎಂಬರ್ಥದವು 4876ರಲ್ಲಿವೆ. ನಿಘಂಟುಕಾರರು ಇವೆರಡನ್ನು ಬೇರೆಬೇರೆ ನಮೂದುಗಳಲ್ಲಿ ಇರಿಸಿರುವುದೇ ಮೇಲಿನ ಚರ್ಚೆಗೆ ಮುಖ್ಯವಾದ ಸಂಗತಿ. ಸಂಖ್ಯೆಯನ್ನು ಕೊಟ್ಟರೆ ಮುದ್ರಿತ ಪ್ರತಿಯಲ್ಲಾಗಲಿ ಪರದೆಯ ಮೇಲಾಗಲಿ ಓದುಗರು ಅದೇ ಸ್ಥಳಕ್ಕೆ ತಲುಪುತ್ತಾರೆ. ಆದರೆ ಎರಡು ಆವೃತ್ತಿಗಳ ಸಂಖ್ಯೆಗಳು ಬೇರೆಯಾದ್ದರಿಂದ ಆವೃತ್ತಿಯನ್ನು ಹೇಳದ ಸಂಖ್ಯೆಯು ದಾರಿ ತಪ್ಪಿಸುತ್ತದೆ.

ಯಾರ ಕೆಲಸ ಎಂಬ ಪ್ರಶ್ನೆ ದತ್ತಸಂಚಯಗಳ ವಿಷಯದಲ್ಲಿ ತೊಡಕಾಗುತ್ತದೆ. ವಿಶ್ವಭಾಷೆಗಳ ರಚನೆಗಳನ್ನು ಕುರಿತ ‘ವಾಲ್ಸ್’ ಭೂಪಟಕೋಶವು 2005ರಲ್ಲಿ ಮುದ್ರಣಗೊಂಡು 2008ರಲ್ಲಿ ಆನ್‌ಲೈನಿಗೆ ಬಂದಿತು. ಅದರ ವ್ಯಂಜನಗಳ ಅಧ್ಯಾಯವನ್ನು ಬರೆದವರು ಇಯಾನ್ ಮ್ಯಾಡಿಸನ್; ಕರ್ತೃ, ಕರ್ಮ, ಕ್ರಿಯಾಪದಗಳ ಅನುಕ್ರಮದ ಅಧ್ಯಾಯ ಮ್ಯಾಥ್ಯೂ ಡ್ರೈಯರ್ ಅವರದು. ಇಡೀ ಕೋಶವನ್ನು ಹೆಸರಿಸಿ ಸುಮ್ಮನಾದರೆ ಅಧ್ಯಾಯಕಾರರ ಶ್ರಮವೂ ಹೊಣೆಯೂ ಮರೆಯಾಗುತ್ತವೆ. ಕನ್ನಡದ ಬಗೆಗಿನ ಒಂದು ಮೌಲ್ಯವನ್ನು ಅಲ್ಲಿಂದ ಎತ್ತಿಕೊಳ್ಳುವಾಗ, ಅದಕ್ಕೆ ಆಧಾರವೆಂದು ಕೋಶವು ಸೂಚಿಸುವ ವ್ಯಾಕರಣಗ್ರಂಥವನ್ನೂ ನೋಡಿ ಉಲ್ಲೇಖಿಸುವುದು ಉಚಿತ.

ಆವೃತ್ತಿಯ ವಿಷಯದಲ್ಲಿ ‘ನೋಡಿದ ದಿನಾಂಕ’ವನ್ನು ಬರೆದರೆ ಸಾಕೆಂಬ ಭಾವನೆಯಿದೆ. ದಿನಾಂಕವು ನಾವು ಯಾವಾಗ ನೋಡಿದೆವೆಂಬುದನ್ನು ಹೇಳುತ್ತದೆ. ಏನನ್ನು ನೋಡಿದೆವೆಂಬುದನ್ನು ಕಾಪಾಡುವುದಿಲ್ಲ. ವಿಕಿಪೀಡಿಯದ ಪ್ರತಿ ಪುಟಕ್ಕೂ ಬದಲಾವಣೆಗಳ ಇತಿಹಾಸವಿದ್ದು, ನಿರ್ದಿಷ್ಟ ಪರಿಷ್ಕರಣೆಗೆ ಶಾಶ್ವತ ಕೊಂಡಿ ದೊರೆಯುತ್ತದೆ. ಕನ್ನಡ ವಿಕಿಪೀಡಿಯದಿಂದ ವಾಕ್ಯಗಳನ್ನು ಆಯುವವರು ಅದನ್ನೇ ನೀಡಬೇಕು. ಗ್ಲಾಟೊಲಾಗ್ ತನ್ನ ಬಿಡುಗಡೆಗಳಿಗೆ ಸಂಖ್ಯೆ ಕೊಡುತ್ತದೆ; ಆ ಸಂಖ್ಯೆಯನ್ನು ಬಿಡಬಾರದು. ಇತರ ಪುಟಗಳನ್ನು ವೇಬ್ಯಾಕ್ ಮಷೀನ್‌ನಂತಹ ಸಂಗ್ರಹದಲ್ಲಿ ಉಳಿಸಿ, ಮೂಲವಿಳಾಸದೊಡನೆ ಸಂಗ್ರಹದ ವಿಳಾಸವನ್ನೂ ಕೊಡಬಹುದು. ಡಿಒಐ ಇರುವೆಡೆ ಅದಕ್ಕೇ ಆದ್ಯತೆ: ಪುಟವು ಸ್ಥಳಾಂತರಗೊಂಡಾಗ ನೋಂದಾಯಿಸಿದ ಸಂಸ್ಥೆಯು ಹೊಸ ವಿಳಾಸವನ್ನು ಅದಕ್ಕೆ ಜೋಡಿಸಬಲ್ಲದು.

ಒಳಗಿನ ಸ್ಥಳವನ್ನು ಸೂಚಿಸುವ ಅಗತ್ಯ ಧ್ವನಿಮುದ್ರಣಗಳಲ್ಲಿ ಇನ್ನೂ ಹೆಚ್ಚು. ಒಂದು ಗಂಟೆಯ ಕಥನದಿಂದ ಒಂದೇ ವಾಕ್ಯವನ್ನು ಉದಾಹರಿಸುವಾಗ ಸಂಗ್ರಹದ ಕ್ರಮಸಂಖ್ಯೆ ಮತ್ತು ಆ ವಾಕ್ಯದ ನಿಮಿಷ-ಸೆಕೆಂಡುಗಳು ಇರಬೇಕು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದು ಅದರ ಆನ್‌ಲೈನ್ ಸೇವೆಗಳು ದೀರ್ಘಕಾಲ ಸ್ಥಗಿತಗೊಂಡವು. ಇಂತಹ ಸಂದರ್ಭದಲ್ಲಿ ವಿಳಾಸವನ್ನಷ್ಟೇ ಕೊಟ್ಟ ಉಲ್ಲೇಖವು ನಿರುಪಯುಕ್ತವಾಗುತ್ತದೆ. ಸಂಗ್ರಹದ ಕ್ರಮಸಂಖ್ಯೆಯನ್ನು ಕೊಟ್ಟ ಉಲ್ಲೇಖವು ವಸ್ತುವನ್ನು ಆಗಲೂ ಖಚಿತವಾಗಿ ಗುರುತಿಸುತ್ತದೆ.

ಭಾಷಾದತ್ತದ ಉಲ್ಲೇಖವನ್ನು ಕುರಿತ 2018ರ ಆಸ್ಟಿನ್ ತತ್ತ್ವಗಳೂ 2019ರ ಟ್ರಾಮ್ಸೊ ಶಿಫಾರಸುಗಳೂ ಈ ದಿಕ್ಕಿನಲ್ಲಿಯೇ ಇವೆ. ದತ್ತವನ್ನು ಒದಗಿಸಿದ ಭಾಷಿಕರಿಗೂ ಮನ್ನಣೆ ಸಲ್ಲಬೇಕೆಂಬುದು ಅವುಗಳ ಹಿಂದಿರುವ ಕಾಳಜಿಗಳಲ್ಲೊಂದು. ಭಾಷಿಕರ ಒಪ್ಪಿಗೆಯಿದ್ದರೆ ಅವರ ಹೆಸರನ್ನು, ಇಲ್ಲದಿದ್ದರೆ ಸಂಕೇತವನ್ನು ನಮೂದಿಸುವುದು ನ್ಯಾಯ. ಸಂಶೋಧನ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟೆ: ಈ ವಿವರಗಳನ್ನು ದತ್ತವನ್ನು ಬರೆದುಕೊಳ್ಳುವ ದಿನವೇ ದಾಖಲಿಸಿಕೊಳ್ಳಿ. ಮಹಾಪ್ರಬಂಧ ಮುಗಿಯುವ ವೇಳೆಗೆ ಹುಡುಕಹೊರಟರೆ, ಅಂದು ಕಂಡ ಪುಟವೇ ಇಂದೂ ತೆರೆದಿದೆಯೆಂದು ನಿಶ್ಚಯಿಸಲು ನಮಗೂ ಯಾವ ಆಧಾರವಿರುವುದಿಲ್ಲ.